‘ದಿ ಓಲ್ಡ್ ರಿಪಬ್ಲಿಕ್’ಗೆ ಹೊಸಬರೇ? ಮಾತಿನಿಂದ ಆರಂಭಿಸಿ

ತಾಳಮದ್ದಲೆಗೆ ಹೋದವರಿಗೆ ಇದು ಗೊತ್ತಿರುತ್ತದೆ. ಕರ್ಣನ ಕಥೆ ಎಲ್ಲಿಗೆ ಮುಟ್ಟುತ್ತದೆ ಎನ್ನುವುದು ಸಭೆಯಲ್ಲಿ ಕುಳಿತ ಮಕ್ಕಳಿಗೂ ತಿಳಿದಿದೆ. ಆದರೂ ನಿದ್ದೆಗೆಟ್ಟು ಕೂರುವುದು, ಇವತ್ತಿನ ಕರ್ಣ ಕೃಷ್ಣನಿಗೆ ಏನು ಉತ್ತರ ಕೊಡುತ್ತಾನೆ ಎಂದು ಕೇಳುವುದಕ್ಕೆ. ಪ್ರಸಂಗ ಅದೇ; ಅರ್ಥ ಹೇಳುವವರು ಬದಲಾದರೆ ಕರ್ಣನೂ ಬೇರೆಯಾಗುತ್ತಾನೆ.

‘ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್’ ಎಂಬ ಆನ್‌ಲೈನ್ ಆಟವನ್ನು ನಾನು ಪ್ರೀತಿಸುವುದು ಇದೇ ಕಾರಣಕ್ಕೆ. ಇಲ್ಲಿ ಕಥೆಯ ದೊಡ್ಡ ತಿರುವುಗಳು ಹೆಚ್ಚುಕಡಿಮೆ ನಿಗದಿಯಾಗಿವೆ. ನಿಮ್ಮ ಪಾತ್ರ ಯಾರಿಗೆ ಏನು ಹೇಳುತ್ತದೆ, ಯಾರನ್ನು ಕ್ಷಮಿಸುತ್ತದೆ, ಯಾರೆದುರು ತಲೆ ತಗ್ಗಿಸುವುದಿಲ್ಲ ಎನ್ನುವುದು ನಿಮ್ಮ ಕೈಯಲ್ಲಿದೆ. 2011ರ ಡಿಸೆಂಬರ್ 20ರಂದು ಬಯೋವೇರ್ ಇದನ್ನು ಬಿಡುಗಡೆ ಮಾಡಿದಾಗ ಎದುರಾಗುವ ಪಾತ್ರಗಳಷ್ಟೇ ಅಲ್ಲ, ಆಟಗಾರನ ಪಾತ್ರವೂ ಬಾಯಿಬಿಟ್ಟು ಮಾತನಾಡುತ್ತಿತ್ತು. ಧ್ವನಿಮುದ್ರಿಸಿದ ಸಂಭಾಷಣೆಯ ಸಾಲುಗಳು 2 ಲಕ್ಷಕ್ಕೂ ಹೆಚ್ಚು. ಅದಕ್ಕೆ ಗಿನ್ನೆಸ್ ದಾಖಲೆಯೂ ಸಿಕ್ಕಿತು. ಇಂಥ ಆಟವನ್ನು ಲೆವೆಲ್ ಏರಿಸುವ ಅವಸರದಲ್ಲಿ ಓಡಿ ಮುಗಿಸಿದರೆ ಕೈಗೆ ಬರುವುದು ಸಿಪ್ಪೆ ಮಾತ್ರ. ನನ್ನ ಮೊದಲ ಪಾತ್ರವನ್ನು ನಾನು ಹಾಗೆ ಓಡಿಸಿದ್ದೆ. ಆ ಕಥೆಯಲ್ಲಿ ಏನಾಯಿತೆಂದು ತಿಳಿಯಲು ಮತ್ತೆ ಮೊದಲಿನಿಂದ ಆಡಬೇಕಾಯಿತು. ಹೊಸದಾಗಿ ಬರುವವರಿಗೆ ಆ ಸುತ್ತು ತಪ್ಪಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಖಾತೆ ಮತ್ತು ಸರ್ವರ್

ಆಟ ವಿಂಡೋಸ್ ಕಂಪ್ಯೂಟರಿನಲ್ಲಿ ನಡೆಯುತ್ತದೆ. 2012ರ ನವೆಂಬರಿನಿಂದ ಉಚಿತವಾಗಿ ಆಡಲು ಸಿಗುತ್ತಿದೆ. 2020ರಿಂದ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿಯೂ ಇದೆ. 2023ರಲ್ಲಿ ಇದರ ಜವಾಬ್ದಾರಿ ಬಯೋವೇರ್‌ನಿಂದ ಬ್ರಾಡ್‌ಸ್ವೋರ್ಡ್ ಎಂಬ ಸಂಸ್ಥೆಗೆ ಹೋಯಿತು. ಹಾಗಾಗಿ ಹಳೆಯ ಲೇಖನಗಳಲ್ಲಿ ಬಯೋವೇರ್ ಹೆಸರು ಕಂಡರೆ ಗೊಂದಲ ಬೇಡ, ಆಟ ಅದೇ. ಡೌನ್‌ಲೋಡ್ ದೊಡ್ಡದು, ರಾತ್ರಿ ಮಲಗುವ ಮುಂಚೆ ಹಾಕಿಬಿಡಿ.

ಹಣ ಕಟ್ಟಬೇಕೇ? ಈಗಲೇ ಬೇಡ. ಉಚಿತ ಖಾತೆಯಲ್ಲಿ ಎಂಟೂ ಕ್ಲಾಸ್‌ಗಳ (ಪಾತ್ರಕ್ಕೆ ಆರಿಸಿಕೊಳ್ಳಬಹುದಾದ ವೃತ್ತಿಗಳ) ಮೂಲಕಥೆ ಪೂರ್ತಿ ಸಿಗುತ್ತದೆ. ಅದರ ಮೇಲೆ ‘ರೈಸ್ ಆಫ್ ದಿ ಹಟ್ ಕಾರ್ಟೆಲ್’ ಮತ್ತು ‘ಶ್ಯಾಡೋ ಆಫ್ ರೆವನ್’ ಎಂಬ ಎರಡು ವಿಸ್ತರಣೆಗಳೂ ಸೇರಿ 60ನೇ ಲೆವೆಲ್‌ವರೆಗೆ ಹೋಗಬಹುದು. ಅಷ್ಟರಲ್ಲೇ ಹಲವು ತಿಂಗಳ ಸಂಜೆಗಳು ಕಳೆಯುತ್ತವೆ. ಚಂದಾ ಯಾವಾಗ ಕಟ್ಟಿದರೆ ಲಾಭ ಎಂಬುದನ್ನು ಮುಂದೆ ಹೇಳುತ್ತೇನೆ.

ಸರ್ವರ್ ಆಯ್ಕೆಯಲ್ಲಿ ಮಾತ್ರ ಅವಸರ ಮಾಡಬೇಡಿ, ಏಕೆಂದರೆ ಪಾತ್ರವನ್ನು ಆಮೇಲೆ ಬೇರೆ ಸರ್ವರಿಗೆ ಸಾಗಿಸಲು ಕಾರ್ಟೆಲ್ ಕಾಯಿನ್ ಎಂಬ, ಹಣ ಕೊಟ್ಟು ಕೊಳ್ಳಬಹುದಾದ ಆಟದ ನಾಣ್ಯ ತೆರಬೇಕಾಗುತ್ತದೆ. ಅಮೆರಿಕದಲ್ಲಿ ಸ್ಟಾರ್ ಫೋರ್ಜ್ ಮತ್ತು ಸತೀಲ್ ಶಾನ್, ಯುರೋಪಿನಲ್ಲಿ ಇಂಗ್ಲಿಷ್ ಮಾತಾಡುವವರಿಗೆ ಡಾರ್ತ್ ಮಾಲ್ಗಸ್, ಏಷ್ಯಾ-ಪೆಸಿಫಿಕ್ ಭಾಗಕ್ಕೆ 2023ರಲ್ಲಿ ಸಿಡ್ನಿಯಲ್ಲಿ ತೆರೆದ ಶೇ ವಿಜ್ಲಾ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತವರಿಗೆ ಯಾವುದು ಒಳ್ಳೆಯದು ಎಂಬುದು ನಿಮ್ಮ ಇಂಟರ್ನೆಟ್ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದರ ಮೇಲೆ ನಿಂತಿದೆ. ಡಾರ್ತ್ ಮಾಲ್ಗಸ್‌ನಲ್ಲಿ ಒಂದು, ಶೇ ವಿಜ್ಲಾದಲ್ಲಿ ಒಂದು ಪಾತ್ರ ಮಾಡಿ, ತಲಾ ಅರ್ಧ ಗಂಟೆ ನಡೆದಾಡಿ, ಪಿಂಗ್ (ಸರ್ವರಿಗೆ ಸಂದೇಶ ಹೋಗಿ ಬರಲು ಹಿಡಿಯುವ ಸಮಯ) ಎಷ್ಟು ಬರುತ್ತದೆ ನೋಡಿ ತೀರ್ಮಾನಿಸಿ. ಒಂದು ಸಮಾಧಾನ: ಈ ಆಟದ ಹೋರಾಟದಲ್ಲಿ ಒಂದು ಏಟಿಗೂ ಮುಂದಿನ ಏಟಿಗೂ ನಡುವೆ ಸುಮಾರು ಒಂದೂವರೆ ಸೆಕೆಂಡ್ ಅಂತರ ಇರುತ್ತದೆ. ಕಥೆಗಾಗಿ ಆಡುವವರಿಗೆ ಪಿಂಗ್ ತುಸು ಹೆಚ್ಚಾದರೂ ತೊಂದರೆಯಿಲ್ಲ.

ಆಯುಧ ನೋಡಿ ಅಲ್ಲ, ಕಥೆ ನೋಡಿ ಕ್ಲಾಸ್ ಆರಿಸಿ

ಕಥೆ ನಡೆಯುವುದು ಸ್ಟಾರ್ ವಾರ್ಸ್ ಸಿನಿಮಾಗಳ ಕಾಲಕ್ಕಿಂತ 3,000ಕ್ಕೂ ಹೆಚ್ಚು ವರ್ಷ ಹಿಂದೆ. ಆದ್ದರಿಂದ ಸಿನಿಮಾ ಒಂದನ್ನೂ ನೋಡದವರು ಧೈರ್ಯವಾಗಿ ಬರಬಹುದು. ಇಷ್ಟು ತಿಳಿದಿದ್ದರೆ ಸಾಕು: ಗ್ಯಾಲಕ್ಸಿಯಲ್ಲಿ ಎರಡು ಬಣ. ಒಂದು ಕಡೆ ರಿಪಬ್ಲಿಕ್ ಮತ್ತು ಅದರ ಬೆನ್ನಿಗಿರುವ ಜೆಡಾಯ್‌ಗಳು, ಅಂದರೆ ಫೋರ್ಸ್ ಎಂಬ ಅಗೋಚರ ಶಕ್ತಿಯನ್ನು ಒಳಿತಿಗೆ ಬಳಸುವ ಯೋಧರು. ಇನ್ನೊಂದು ಕಡೆ ಅದೇ ಶಕ್ತಿಯನ್ನು ಅಧಿಕಾರಕ್ಕಾಗಿ ಬಳಸುವ ಸಿತ್‌ಗಳು ಆಳುವ ಸಾಮ್ರಾಜ್ಯ. ಆಟ ಆರಂಭವಾಗುವುದಕ್ಕೆ ಸುಮಾರು 10 ವರ್ಷ ಮೊದಲು ಸಿತ್‌ಗಳು ರಿಪಬ್ಲಿಕ್‌ನ ರಾಜಧಾನಿ ಕೊರಸಾಂಟ್‌ಗೇ ನುಗ್ಗಿ ಸೂರೆ ಮಾಡಿದ್ದಾರೆ, ಆ ಬಳಿಕ ಒಂದು ಒಪ್ಪಂದವಾಗಿದೆ. ಯುದ್ಧ ನಿಂತಿದೆ, ಹಗೆ ನಿಂತಿಲ್ಲ.

ಒಂದೊಂದು ಬಣಕ್ಕೆ ನಾಲ್ಕರಂತೆ ಎಂಟು ಕ್ಲಾಸ್‌ಗಳು, ಎಂಟು ಬೇರೆ ಬೇರೆ ಕಥೆಗಳು. 2022ರಲ್ಲಿ ಬಂದ ‘ಲೆಗಸಿ ಆಫ್ ದಿ ಸಿತ್’ ವಿಸ್ತರಣೆಯ ಜೊತೆಗೆ ಕಥೆಯನ್ನೂ ಹೋರಾಟದ ಶೈಲಿಯನ್ನೂ ಬೇರ್ಪಡಿಸಿದರು. ಈಗ ಸೈನಿಕನ ಕಥೆ ಆಡುತ್ತಲೇ ಕೈಯಲ್ಲಿ ಎರಡು ಪಿಸ್ತೂಲು ಹಿಡಿಯಬಹುದು. ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮುಂದಿನ ಒಂದೆರಡು ತಿಂಗಳು ನಾನು ಯಾರಾಗಿ ಮಾತನಾಡಬೇಕು?

ನನ್ನ ಶಿಫಾರಸು ಇಂಪೀರಿಯಲ್ ಏಜೆಂಟ್. ಇದು ಗೂಢಚಾರನ ಕಥೆ. ಹಟ್ಟಾ ಎಂಬ ಕೊಳಕು ಜೌಗಿನ ಗ್ರಹದಲ್ಲಿ ನೀವು ‘ರೆಡ್ ಬ್ಲೇಡ್’ ಎಂಬ ಕಡಲ್ಗಳ್ಳನ ವೇಷ ಹಾಕಿ ನೆಮ್ರೋ ಎಂಬ ದಣಿಯ ವಿಶ್ವಾಸ ಗಳಿಸಬೇಕು. ಆಗ ಕಿವಿ ತೆರೆದಿಡಿ. ನೆಮ್ರೋನ ಅರಮನೆಯಲ್ಲಿ ನಿಮ್ಮ ಪಾತ್ರ ಅಮೆರಿಕನ್ ಧಾಟಿಯ ಒರಟು ಇಂಗ್ಲಿಷ್ ಮಾತನಾಡುತ್ತದೆ. ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಮೇಲಧಿಕಾರಿ ಕೀಪರ್ ಜೊತೆ ಮಾತಿಗೆ ನಿಂತ ಕೂಡಲೇ ಧ್ವನಿ ನೆಟ್ಟಗಾಗಿ ಬ್ರಿಟಿಷ್ ಉಚ್ಚಾರಣೆಗೆ ತಿರುಗುತ್ತದೆ. ವೇಷ ಎಲ್ಲಿ ಮುಗಿಯಿತು, ಮನುಷ್ಯ ಎಲ್ಲಿ ಆರಂಭವಾದ ಎಂಬುದನ್ನು ಒಂದೇ ಉಸಿರಿನಲ್ಲಿ ಕಿವಿಗೆ ಕಾಣಿಸುವ ಇಂಥ ಕೆಲಸವನ್ನು ನಾನು ಬೇರೆ ಆನ್‌ಲೈನ್ ಆಟಗಳಲ್ಲಿ ಕಂಡಿಲ್ಲ. ಸಂಭಾಷಣೆ ದಾಟಿಸುವವರಿಗೆ ಇದು ಕೇಳಿಸುವುದೇ ಇಲ್ಲ.

ಸಿತ್ ವಾರಿಯರ್ ಎರಡನೆಯ ಆಯ್ಕೆ. ಹೊರಗಿನಿಂದ ನೋಡಿದರೆ ಬರೀ ಕ್ರೌರ್ಯದ ಕಥೆ. ಆಡುವವರು ಮನಸ್ಸು ಮಾಡಿದರೆ ಕೆಟ್ಟ ಮನೆಯಲ್ಲಿ ಹುಟ್ಟಿಯೂ ಮಾತಿಗೆ ತಪ್ಪದವನ ಕಥೆಯಾಗುತ್ತದೆ. ಸಿನಿಮಾಗಳ ಜೆಡಾಯ್‌ಯೇ ಬೇಕು ಎನ್ನುವವರಿಗೆ ಜೆಡಾಯ್ ನೈಟ್. 2003ರಲ್ಲಿ ಬಂದ ‘ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್’ ಆಡಿದವರಿಗೂ ಇದೇ ಹತ್ತಿರವಾಗುತ್ತದೆ. ಆ ಕಥೆಯ ನಂತರದ ಸುಮಾರು 300 ವರ್ಷಕ್ಕೆ ಇದು ಕೊಂಡಿ ಹಾಕುತ್ತದೆ. ಇನ್ಕ್ವಿಸಿಟರ್ ಗುಲಾಮಗಿರಿಯಿಂದ ಮೇಲೆ ಬಂದವರು. ಸ್ಮಗ್ಲರ್‌ನ ಹಡಗನ್ನು ಮೊದಲ ದಿನವೇ ಸ್ಕವಾಕ್ ಎಂಬವನು ಕದಿಯುತ್ತಾನೆ. ಟ್ರೂಪರ್ ಸೈನಿಕ, ಬೌಂಟಿ ಹಂಟರ್ ಕೂಲಿ ಬೇಟೆಗಾರ. ಜೆಡಾಯ್ ಕಾನ್ಸುಲರ್ ನಿಧಾನದ ಕಥೆ. ಮೊದಲ ಪಾತ್ರಕ್ಕೆ ಬೇಡ.

ಶೈಲಿ ಆರಿಸುವಾಗ ಹೊಸಬರು ದೂರದಿಂದ ಹೊಡೆಯುವ, ತನ್ನ ಗಾಯವನ್ನು ತಾನೇ ವಾಸಿಮಾಡಿಕೊಳ್ಳಬಲ್ಲ ಒಂದನ್ನು ತೆಗೆದುಕೊಳ್ಳಿ. ಬಂದೂಕಿನವರಿಗೆ ಕಮಾಂಡೋ ಅಥವಾ ಮರ್ಸಿನರಿ, ಫೋರ್ಸ್ ಬಳಸುವವರಿಗೆ ಸೇಜ್ ಅಥವಾ ಸಾರ್ಸರರ್. ಲೈಟ್‌ಸೇಬರ್ ಎಂಬ ಬೆಳಕಿನ ಕತ್ತಿ ಬೀಸಲೇಬೇಕೆಂದರೆ ಖಂಡಿತ ಬೀಸಿ, ಕಷ್ಟವೇನಿಲ್ಲ.

ಬಾಯಿ ತೆರೆಯುವ ಮೊದಲು

ಆಟದಲ್ಲಿ ಕಾಲಿಟ್ಟ ಮೊದಲ ಐದು ನಿಮಿಷದಲ್ಲಿ ಎರಡು ಕೆಲಸ ಮಾಡಿ. ಒಂದು, ಸೆಟ್ಟಿಂಗ್ಸ್‌ಗೆ ಹೋಗಿ ಸಂಭಾಷಣೆಯ ಉಪಶೀರ್ಷಿಕೆ ಹಾಕಿಕೊಳ್ಳಿ. ಮಾತುಗಳು ಇಂಗ್ಲಿಷ್, ಫ್ರೆಂಚ್, ಜರ್ಮನ್‌ಗಳಲ್ಲಿ ಮಾತ್ರ ಇವೆ. ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳುವವರಿಗೂ ಈ ಕಥೆಯ ಹೆಸರುಗಳು, ಪದವಿಗಳು, ಗ್ರಹಗಳು ಕಿವಿಗೆ ತಕ್ಷಣ ನಿಲುಕುವುದಿಲ್ಲ; ಅಕ್ಷರ ಕಣ್ಣೆದುರಿದ್ದರೆ ಎರಡು ದಿನದಲ್ಲಿ ಪಳಗುತ್ತವೆ. ನೆಮ್ರೋನ ಜನಾಂಗವಾದ ಹಟ್‌ಗಳಂಥವರು ಅವರದೇ ಭಾಷೆ ಆಡುವಾಗ ಉಪಶೀರ್ಷಿಕೆಯೇ ಗತಿ.

ಎರಡನೆಯದು, ಒಂದು ಹಾಳೆಯ ಮೇಲೆ ನಿಮ್ಮ ಪಾತ್ರದ ಬಗ್ಗೆ ಎರಡೇ ಸಾಲು ಬರೆಯಿರಿ. ಇವನು ಯಾವುದಕ್ಕೆ ಬಗ್ಗುತ್ತಾನೆ, ಯಾವುದಕ್ಕೆ ಬಗ್ಗುವುದಿಲ್ಲ. ನನ್ನ ಸಿತ್ ವಾರಿಯರ್‌ಗೆ ಬರೆದದ್ದು ಹೀಗಿತ್ತು: ‘ಎದುರು ನಿಂತು ಹೋರಾಡಿದವರನ್ನು ಗೌರವಿಸುತ್ತಾಳೆ. ಸುಳ್ಳು ಹೇಳಿದವರನ್ನು ಬಿಡುವುದಿಲ್ಲ.’ ಇಷ್ಟು ಸಾಕಾಗುತ್ತದೆ. ಕೊರಿಬಾನ್ ಗ್ರಹದ ಸೆರೆಮನೆಯಲ್ಲಿ ಅಧಿಕಾರಿಯೊಬ್ಬ ಮೂವರು ಕೈದಿಗಳನ್ನು ತೋರಿಸಿ ತೀರ್ಪು ಕೊಡಲು ಹೇಳುತ್ತಾನೆ. ಆ ಎರಡು ಸಾಲಿನ ಹಾಳೆ ಪಕ್ಕದಲ್ಲಿದ್ದರೆ ಮೂರೂ ತೀರ್ಪುಗಳು ಒಬ್ಬಳೇ ಮನುಷ್ಯಳ ಬಾಯಿಂದ ಬಂದಂತಿರುತ್ತವೆ. ಇಲ್ಲದಿದ್ದರೆ ಒಂದು ಉತ್ತರ ಸಾಧುವಿನದು, ಮರುಗಳಿಗೆಯದು ಕಟುಕನದು.

ತಪ್ಪು ಮಾಡುವವರು ಹೆಚ್ಚಾಗಿ ಎಡವುವುದು ಲೈಟ್ ಸೈಡ್, ಡಾರ್ಕ್ ಸೈಡ್ ಅಂಕಗಳಲ್ಲಿ. ಕೆಲವು ಉತ್ತರಗಳಿಗೆ ಒಳಿತಿನ ಅಥವಾ ಕೆಡುಕಿನ ಚಿಹ್ನೆ ಇರುತ್ತದೆ. ಅಂಕಕ್ಕಾಗಿ ಒಂದೇ ಬಣ್ಣದ ಉತ್ತರಗಳನ್ನು ಒತ್ತುತ್ತಾ ಹೋದರೆ ಪಾತ್ರ ಗೊಂಬೆಯಾಗುತ್ತದೆ. ಚಿಹ್ನೆಯನ್ನು ನೋಡಿ, ತಿಳಿದುಕೊಳ್ಳಿ, ಆದರೆ ಉತ್ತರ ನಿಮ್ಮ ಪಾತ್ರದ್ದಾಗಿರಲಿ.

ಉತ್ತರದ ಚಕ್ರವನ್ನು ಬಳಸುವ ಬಗೆ

ಎದುರಿನವರು ಮಾತು ಮುಗಿಸಿದ ಮೇಲೆ ತೆರೆಯ ಮೇಲೆ ಚಕ್ರದಂತೆ ಮೂರು ಉತ್ತರಗಳು ಬರುತ್ತವೆ. ಮೌಸ್‌ನಿಂದ ಒತ್ತಬಹುದು, ಇಲ್ಲವೇ 1, 2, 3 ಅಂಕಿಗಳನ್ನು ಒತ್ತಬಹುದು. ಇಲ್ಲಿ ಎಚ್ಚರಿಕೆ ಬೇಕಾದ ವಿಷಯವೆಂದರೆ, ಚಕ್ರದಲ್ಲಿ ಕಾಣುವುದು ಮಾತಿನ ಸಾರಾಂಶ ಅಷ್ಟೇ. ಪಾತ್ರ ಆಡುವ ಪೂರ್ತಿ ಮಾತು ಬೇರೆ. ‘ಯೋಚಿಸುತ್ತೇನೆ’ ಎಂಬಂತೆ ಕಂಡದ್ದು ಬಾಯಿಂದ ಬರುವಾಗ ಬೆದರಿಕೆಯಾಗಿರಬಹುದು.

ಹಾಗಾದಾಗ ಗಾಬರಿಯಾಗಬೇಡಿ. ಸಂಭಾಷಣೆ ಪೂರ್ತಿ ಮುಗಿಯುವ ಮೊದಲು ಎಸ್ಕೇಪ್ ಕೀಲಿ ಒತ್ತಿದರೆ ಆಟ ನಿಮ್ಮನ್ನು ಮಾತಿನಿಂದ ಹೊರಗೆ ತರುತ್ತದೆ. ಆಡಿದ ಮಾತು ಆಡದಂತಾಗುತ್ತದೆ, ಮತ್ತೆ ಹೋಗಿ ಮೊದಲಿನಿಂದ ಮಾತನಾಡಿಸಬಹುದು. ಇಡೀ ಆಟದಲ್ಲಿ ನನಗೆ ಅತ್ಯಂತ ಉಪಕಾರ ಮಾಡಿದ ಕೀಲಿ ಇದು. ಅತ್ಯಂತ ಹಾನಿ ಮಾಡಿದ್ದು ಸ್ಪೇಸ್ ಬಾರ್, ಏಕೆಂದರೆ ಅದನ್ನು ಒತ್ತಿದರೆ ಎದುರಿನವರ ಮಾತು ಹಾರಿಹೋಗುತ್ತದೆ. ಮೊದಲ ಪಾತ್ರ ಮುಗಿಯುವವರೆಗೆ ಸ್ಪೇಸ್ ಬಾರ್ ನೆಗೆಯುವುದಕ್ಕೆ ಮಾತ್ರ ಎಂದು ಮನಸ್ಸಿನಲ್ಲೇ ಒಪ್ಪಂದ ಮಾಡಿಕೊಳ್ಳಿ.

ಗುಂಪಿನಲ್ಲಿ ಆಡುವಾಗ ಚಕ್ರಕ್ಕೆ ಇನ್ನೊಂದು ರುಚಿ ಬರುತ್ತದೆ. ಇದನ್ನು ನೋಡಲು ಒಳ್ಳೆಯ ಜಾಗ ಸಾಮ್ರಾಜ್ಯದ ಬಣದವರಿಗೆ ಮೊದಲು ಸಿಗುವ ‘ಬ್ಲ್ಯಾಕ್ ಟ್ಯಾಲನ್’ ಎಂಬ ಫ್ಲ್ಯಾಶ್‌ಪಾಯಿಂಟ್, ಅಂದರೆ ಸಣ್ಣ ಗುಂಪಿನಲ್ಲಿ ಆಡುವ ಕಿರುಕಥೆ. ರಿಪಬ್ಲಿಕ್ ಬಣಕ್ಕೆ ಇದರ ಜೋಡಿ ‘ಎಸೆಲ್ಸ್’. ಬ್ಲ್ಯಾಕ್ ಟ್ಯಾಲನ್ ಒಂದು ಹಡಗು. ತನಗಿಂತ ಬಲವಾದ ರಿಪಬ್ಲಿಕ್ ಹಡಗನ್ನು ಬೆನ್ನಟ್ಟು ಎಂದು ಗ್ರ್ಯಾಂಡ್ ಮಾಫ್ ಕಿಲ್ರನ್ ಆಜ್ಞೆ ಕೊಟ್ಟರೆ, ಸಿಬ್ಬಂದಿಯ ಜೀವ ಉಳಿಯಲಿ ಎಂದು ಕ್ಯಾಪ್ಟನ್ ಒಪ್ಪಿಲ್ಲ. ಅವನನ್ನು ಕೊಲ್ಲಬೇಕೇ, ಉಳಿಸಿಕೊಂಡು ಕೆಲಸ ಮಾಡಿಸಬೇಕೇ? ಗುಂಪಿನ ಪ್ರತಿಯೊಬ್ಬರೂ ತಮ್ಮ ಉತ್ತರ ಆರಿಸುತ್ತಾರೆ, ಆಟ ದಾಳ ಉರುಳಿಸುತ್ತದೆ, ಹೆಚ್ಚು ಅಂಕಿ ಬಿದ್ದವರ ಪಾತ್ರ ಮಾತನಾಡುತ್ತದೆ. ನೀವು ಉಳಿಸಬೇಕೆಂದಿದ್ದಿರಿ, ಗೆಳೆಯನ ದಾಳ ಗೆದ್ದಿತು, ಕ್ಯಾಪ್ಟನ್ ನೆಲಕ್ಕೆ ಬಿದ್ದ. ಆ ಗಳಿಗೆಯಲ್ಲಿ ಹೆಡ್‌ಫೋನಿನ ಆಚೆ ತುದಿಯಲ್ಲಿರುವ ಗೆಳೆಯನ ಜೊತೆ ನಡೆಯುವ ವಾಗ್ವಾದವೂ ಕಥೆಯ ಭಾಗವೇ. ಒಳಿತು-ಕೆಡುಕಿನ ಅಂಕ ಮಾತ್ರ ಅವರವರು ಆರಿಸಿದ ಉತ್ತರದಂತೆಯೇ ಅವರವರಿಗೆ ಸೇರುತ್ತದೆ. ಅಪರಿಚಿತರ ಗುಂಪಿಗೆ ಸೇರಿದರೆ ‘ಮೊದಲ ಸಲ ಆಡುತ್ತಿದ್ದೇನೆ, ಮಾತುಗಳನ್ನು ಕೇಳಬೇಕು’ ಎಂದು ಆರಂಭದಲ್ಲೇ ಚಾಟ್‌ನಲ್ಲಿ ಬರೆದುಬಿಡಿ.

ನೇರಳೆ ಗುರುತು ಹಿಡಿದು ನಡೆಯಿರಿ

ಪ್ರತಿ ಗ್ರಹದಲ್ಲೂ ಕೆಲಸ ಕೊಡುವವರು ದಂಡಿಯಾಗಿದ್ದಾರೆ. ಎಲ್ಲ ಒಪ್ಪಿಕೊಂಡರೆ ಮೂಲಕಥೆ ಮರೆತೇಹೋಗುತ್ತದೆ. ನೇರಳೆ ಬಣ್ಣದ ಗುರುತಿರುವ ಮಿಷನ್‌ಗಳನ್ನು ಮಾತ್ರ ಹಿಡಿಯಿರಿ: ನಿಮ್ಮ ಕ್ಲಾಸ್‌ನ ಕಥೆ ಮತ್ತು ಆ ಗ್ರಹದ ಮುಖ್ಯ ಕಥೆ. 2015ರ ಬದಲಾವಣೆಯ ನಂತರ ಇವೆರಡನ್ನು ಆಡಿದರೆ ಲೆವೆಲ್ ತಾನಾಗಿ ಸಾಕಷ್ಟು ಏರುತ್ತದೆ. ಉಳಿದವು ನಕ್ಷೆಯಲ್ಲಿ ಕಾಣಿಸದಂತೆ ಮೊದಲೇ ಮರೆಮಾಡಿರುತ್ತಾರೆ. ಆ ಮರೆಯನ್ನು ತೆಗೆಯಬೇಡಿ.

ಆರಂಭದ ಗ್ರಹ ಮುಗಿದ ಮೇಲೆ ಬಣದ ರಾಜಧಾನಿ, ರಿಪಬ್ಲಿಕ್‌ಗೆ ಕೊರಸಾಂಟ್, ಸಾಮ್ರಾಜ್ಯಕ್ಕೆ ಡ್ರೋಮಂಡ್ ಕಾಸ್. ಅದು ಮುಗಿದರೆ ಸ್ವಂತ ಹಡಗು ಕೈಗೆ ಬರುತ್ತದೆ. ಅಲ್ಲಿಂದ ಮೂರು ಅಧ್ಯಾಯ. ಬಣಕ್ಕೆ ತಕ್ಕಂತೆ ಅಧ್ಯಾಯ ಬದಲಾಗುವ ಟಾರಿಸ್, ಬಾಲ್ಮೊರಾ ಗ್ರಹಗಳ ಮಾತು ಕೊನೆಯಲ್ಲಿ ಬರುತ್ತದೆ; ಉಳಿದಂತೆ ಮೊದಲನೆಯದರಲ್ಲಿ ನಾರ್ ಶದ್ದಾ, ಟ್ಯಾಟೂಯಿನ್, ಆಲ್ಡರಾನ್. ಎರಡನೆಯದರಲ್ಲಿ ಕ್ವೆಶ್, ಹೋತ್. ಮೂರನೆಯದರಲ್ಲಿ ಬೆಲ್ಸಾವಿಸ್, ವಾಸ್, ಕೊರೆಲಿಯಾ. ಒಂದೊಂದು ಗ್ರಹಕ್ಕೆ ನಾಲ್ಕೈದು ಸಂಜೆ ಇಟ್ಟುಕೊಂಡರೆ ಆಯಾಸವಾಗುವುದಿಲ್ಲ. ಆಲ್ಡರಾನ್‌ಗೆ ಒಂದೆರಡು ಸಂಜೆ ಹೆಚ್ಚೇ ಇರಲಿ. ಸಿಂಹಾಸನ ಖಾಲಿಯಿದೆ, ಆರ್ಗಾನಾ, ಥುಲ್, ಉಲ್ಗೋ ಮನೆತನಗಳು ಅದಕ್ಕಾಗಿ ಕಾದಾಡುತ್ತಿವೆ. ದಾಯಾದಿಗಳ ಕಲಹ ಓದಿ ಬೆಳೆದ ನಮಗೆ ಅಲ್ಲಿನ ಔತಣ, ಅವಮಾನ, ಒಳಸಂಚು ಯಾವುದನ್ನೂ ಬಿಡಿಸಿ ಹೇಳಬೇಕಾಗಿಲ್ಲ.

ಜೊತೆಗಾರರನ್ನು ಮಾತನಾಡಿಸಿ

ಮೊದಲ ಗ್ರಹದಲ್ಲೇ ಒಬ್ಬ ಜೊತೆಗಾರ ಸಿಗುತ್ತಾನೆ ಅಥವಾ ಸಿಗುತ್ತಾಳೆ. ಏಜೆಂಟ್‌ಗೆ ಕಲಿಯೋ, ಬೌಂಟಿ ಹಂಟರ್‌ಗೆ ಮಾಕೋ, ಸ್ಮಗ್ಲರ್‌ಗೆ ಕೊರ್ಸೋ ರಿಗ್ಸ್, ಇನ್ಕ್ವಿಸಿಟರ್‌ಗೆ ಗೋರಿಯೊಳಗಿಂದ ಎದ್ದು ಬರುವ ಖೆಮ್ ವಾಲ್. ಹೋರಾಟದ ಮಟ್ಟಿಗೆ ಒಂದೇ ಸಲಹೆ: ಅವರ ಚಿತ್ರದ ಬಳಿ ಹೋರಾಟದಲ್ಲಿ ಅವರ ಹೊಣೆ ಬದಲಿಸುವ ಗುಂಡಿ ಇದೆ, ‘ಹೀಲರ್’ ಎಂದು ಇಡಿ. ನಿಮ್ಮ ಗಾಯ ಅವರು ನೋಡಿಕೊಳ್ಳುತ್ತಾರೆ, ನೀವು ಟ್ಯಾಬ್ ಒತ್ತಿ ಎದುರಾಳಿಯನ್ನು ಗುರಿ ಹಿಡಿದು ಹೊಡೆಯುತ್ತಿದ್ದರೆ ಸಾಕು. ಮೂಲಕಥೆಯುದ್ದಕ್ಕೂ ಇದೊಂದು ವ್ಯವಸ್ಥೆ ಸಾಲುತ್ತದೆ.

ಆದರೆ ಅವರು ಇರುವುದು ಗಾಯಕ್ಕೆ ಮದ್ದು ಹಚ್ಚಲು ಮಾತ್ರವಲ್ಲ. ವಾರಿಯರ್‌ನ ಜೊತೆಗಾರ್ತಿ ವೆಟ್ ಅನ್ನೇ ನೋಡಿ. ಗೋರಿಗಳನ್ನು ದೋಚಲು ಬಂದು ಸಿಕ್ಕಿಬಿದ್ದವಳು. ನಿಮ್ಮ ಕೈಗೆ ಅವಳನ್ನು ಒಪ್ಪಿಸುವಾಗ ಅವಳ ಕೊರಳಲ್ಲಿ ಶಾಕ್ ಕೊಡುವ ಪಟ್ಟಿ ಇರುತ್ತದೆ, ಅದನ್ನು ನಡೆಸುವ ಅಧಿಕಾರ ನಿಮಗೆ. ಅವಳು ಸುಮ್ಮನಿರುವವಳಲ್ಲ, ಚುಚ್ಚಿ ಮಾತಾಡುತ್ತಾಳೆ. ಆಗೆಲ್ಲ ಚಕ್ರದಲ್ಲಿ ಶಾಕ್ ಕೊಡುವ ಉತ್ತರ ಒಂದು ಕಾದು ಕೂತಿರುತ್ತದೆ. ಒತ್ತುವವರಿದ್ದಾರೆ. ನಾನು ಒತ್ತಲಿಲ್ಲ, ಪಟ್ಟಿ ಬಿಚ್ಚುವ ಅವಕಾಶ ಬಂದ ಕೂಡಲೇ ಬಿಚ್ಚಿದೆ. ಆಮೇಲೆ ಅದೇ ಹಡಗಿನಲ್ಲಿ ಅವಳು ತನ್ನ ಅಕ್ಕ, ಅಮ್ಮನ ಬಗ್ಗೆ ಹೇಳಿಕೊಂಡಾಗ, ಆ ಬಿಚ್ಚಿದ ಪಟ್ಟಿ ನಮ್ಮಿಬ್ಬರ ನಡುವೆ ಇದ್ದೇ ಇತ್ತು.

ಈ ಮಾತುಕತೆಗಳು ತಾವಾಗಿ ಬರುವುದಿಲ್ಲ, ಹೊಸಬರು ತಪ್ಪಿಸಿಕೊಳ್ಳುವುದು ಇಲ್ಲೇ. ಕಥೆ ಮುಂದೆ ಹೋದಂತೆ ಜೊತೆಗಾರರಿಗೆ ಹೇಳಲು ಹೊಸ ವಿಷಯ ಸೇರುತ್ತದೆ, ಆದರೆ ಅವರು ಬಾಯಿಬಿಡುವುದು ನಿಮ್ಮ ಹಡಗಿನಲ್ಲಿ ಅಥವಾ ಕ್ಯಾಂಟೀನಾದಂಥ ವಿಶ್ರಾಂತಿಯ ಜಾಗದಲ್ಲಿ. ಒಂದು ಗ್ರಹ ಮುಗಿಸಿ ಹಡಗು ಹತ್ತಿದಾಗಲೆಲ್ಲ ಪ್ರತಿಯೊಬ್ಬರ ಬಳಿ ಹೋಗಿ, ತಲೆಯ ಮೇಲೆ ಗುರುತು ಇದ್ದರೆ ಮಾತನಾಡಿಸಿ. ಅವರವರ ಇಷ್ಟದ ಉಡುಗೊರೆ ಕೊಟ್ಟರೆ ಅವರ ಮೇಲೆ ನಿಮ್ಮ ಪ್ರಭಾವ ಏರುತ್ತದೆ, ಹೋರಾಟದಲ್ಲೂ ಚುರುಕಾಗುತ್ತಾರೆ.

ಚಂದಾ ಯಾವಾಗ

ಮೂಲಕಥೆ ಮುಗಿಸಿ, ‘ಶ್ಯಾಡೋ ಆಫ್ ರೆವನ್’ ಕೊನೆಗೆ ಬಂದಾಗ ಮುಂದೆ ಹೋಗಬೇಕೆಂಬ ಆಸೆ ಇದ್ದರೆ ಒಂದು ತಿಂಗಳ ಚಂದಾ ಕಟ್ಟಿ. ಅಮೆರಿಕದಲ್ಲಿ ಅದರ ಬೆಲೆ ತಿಂಗಳಿಗೆ 14.99 ಡಾಲರ್. 2015ರ ‘ನೈಟ್ಸ್ ಆಫ್ ದಿ ಫಾಲನ್ ಎಂಪೈರ್’, 2016ರ ‘ಎಟರ್ನಲ್ ಥ್ರೋನ್’, 2019ರ ‘ಆನ್‌ಸ್ಲಾಟ್’, 2022ರ ‘ಲೆಗಸಿ ಆಫ್ ದಿ ಸಿತ್’ ಎಲ್ಲವೂ ಒಟ್ಟಿಗೆ ತೆರೆಯುತ್ತವೆ. ಚಂದಾ ನಿಂತ ಮೇಲೂ ಅವು ನಿಮ್ಮ ಖಾತೆಯಲ್ಲಿ ಉಳಿಯುತ್ತವೆ, 80ನೇ ಲೆವೆಲ್‌ವರೆಗೆ ದಾರಿಯೂ ತೆರೆದಿರುತ್ತದೆ. ಅದಕ್ಕೇ ಒಂದು ತಿಂಗಳು ಸಾಕು; ಹೊಸ ವಿಸ್ತರಣೆ ಬಂದಾಗ ಮತ್ತೆ ಯೋಚಿಸಿದರಾಯಿತು. ನೆನಪಿಡಬೇಕಾದ್ದು, ಉಚಿತ ಖಾತೆ ಇಟ್ಟುಕೊಳ್ಳಬಹುದಾದ ಕ್ರೆಡಿಟ್‌ಗೆ, ಅಂದರೆ ಆಟದೊಳಗೆ ಗಳಿಸುವ ಹಣಕ್ಕೆ, ಮಿತಿ ಇದೆ. ಕಾರ್ಟೆಲ್ ಮಾರುಕಟ್ಟೆಯ ಬಟ್ಟೆಬರೆ, ವಾಹನಗಳು ಕಣ್ಣಿಗೆ ಚಂದ. ಕಥೆಗೆ ಅವುಗಳ ಅಗತ್ಯ ಸ್ವಲ್ಪವೂ ಇಲ್ಲ.

‘ಫಾಲನ್ ಎಂಪೈರ್’ನಿಂದ ಮುಂದೆ ಎಂಟೂ ಕ್ಲಾಸ್‌ಗಳು ಒಂದೇ ಕಥೆಯೊಳಗೆ ಸೇರುತ್ತವೆ. ಆದ್ದರಿಂದ ಅಲ್ಲಿಗೆ ಕಾಲಿಡುವ ಮೊದಲು ಎದುರು ಬಣದಲ್ಲಿ ಎರಡನೆಯ ಪಾತ್ರವನ್ನು ಆರಂಭಿಸಿ ಎಂದು ಒತ್ತಾಯದಿಂದಲೇ ಹೇಳುತ್ತೇನೆ. ಕಾರಣ ಟಾರಿಸ್ ಎಂಬ ಗ್ರಹ.

300 ವರ್ಷಗಳ ಹಿಂದೆ ಬಾಂಬು ಸುರಿದು ಅಳಿಸಿಹಾಕಿದ ನಗರಗ್ರಹ ಅದು. ರಿಪಬ್ಲಿಕ್‌ನ ಪಾತ್ರ ಮೊದಲ ಅಧ್ಯಾಯದಲ್ಲಿ ಅಲ್ಲಿಗೆ ಹೋಗುತ್ತದೆ. ಗವರ್ನರ್ ಸರೇಶ್ ಅವಶೇಷಗಳ ನಡುವೆ ಮತ್ತೆ ಊರು ಕಟ್ಟಲು ಹೊರಟಿದ್ದಾರೆ, ನೀವು ಜೌಗಿನಲ್ಲಿ ಇಳಿದು ಕೈಜೋಡಿಸುತ್ತೀರಿ. ಸಾಮ್ರಾಜ್ಯದ ಪಾತ್ರ ಎರಡನೆಯ ಅಧ್ಯಾಯದಲ್ಲಿ ಅದೇ ಗ್ರಹಕ್ಕೆ ಹೋಗುತ್ತದೆ, ಆ ಊರು ಏಳದಂತೆ ಮಾಡುವುದಕ್ಕೆ. ಬಾಲ್ಮೊರಾ ಗ್ರಹದ್ದು ಇದರ ತಿರುವುಮುರುವು: ಸಾಮ್ರಾಜ್ಯಕ್ಕೆ ಮೊದಲ ಅಧ್ಯಾಯದಲ್ಲಿ, ರಿಪಬ್ಲಿಕ್‌ಗೆ ಎರಡನೆಯದರಲ್ಲಿ. ಟಾರಿಸ್‌ನಲ್ಲಿ ಮೊದಲು ರಿಪಬ್ಲಿಕ್ ಪಾತ್ರದಿಂದ ಗ್ರಹದ ಮುಖ್ಯ ಕಥೆಯನ್ನು ಪೂರ್ತಿ ಮುಗಿಸಿ, ಆಮೇಲೆಯೇ ಇನ್ನೊಂದು ಪಾತ್ರವನ್ನು ಅಲ್ಲಿ ಇಳಿಸಿ. ನಕ್ಷೆ ತೆರೆದಾಗ ಗುರುತಿನ ದಾರಿಗಳೇ ಕಾಣುತ್ತವೆ, ಆದರೆ ಈ ಸಲ ಹೊರಟಿರುವುದು ನೀವೇ ನಿಂತು ಕಟ್ಟಿಸಿದ್ದನ್ನು ಕೆಡವಲು. ಚಕ್ರ ತೆರೆಯ ಮೇಲೆ ಬರುತ್ತದೆ, ಮೂರು ಉತ್ತರಗಳಿರುತ್ತವೆ. ಅಲ್ಲಿ ಅವಸರ ಮಾಡಬೇಡಿ. ನೀವು ಆರಿಸುವವರೆಗೆ ಆಟ ಕಾಯುತ್ತದೆ.